ವಿರಾಟನಗರಕ್ಕೆ ನಾಲ್ವರು ಹೊರಟರೆ: ಪಾತ್ರ ಕಟ್ಟುವ ಲೆಕ್ಕ, ಜೊತೆಗಾರರ ತಂತ್ರ

ಅಜ್ಞಾತವಾಸಕ್ಕೆ ಹೊರಡುವ ಮುನ್ನ ಧರ್ಮರಾಯ ಎಲ್ಲರನ್ನೂ ಕೂರಿಸಿಕೊಂಡು ಒಬ್ಬೊಬ್ಬರನ್ನೇ ಕೇಳುತ್ತಾನೆ: ವಿರಾಟನ ಊರಿನಲ್ಲಿ ನೀನು ಏನಾಗಿ ಇರುತ್ತೀ, ಯಾವ ಕೆಲಸ ಹಿಡಿಯುತ್ತೀ? ತಾನು ಪಗಡೆ ಬಲ್ಲ ಕಂಕಭಟ್ಟನಾಗುತ್ತೇನೆ ಎನ್ನುತ್ತಾನೆ. ಭೀಮ ಅಡುಗೆಮನೆ ಸೇರಿ ವಲಲನಾಗುತ್ತಾನೆ. ಅರ್ಜುನ ನಾಟ್ಯ ಕಲಿಸುವ ಬೃಹನ್ನಳೆ, ನಕುಲನಿಗೆ ಕುದುರೆ ಲಾಯ, ಸಹದೇವನಿಗೆ ದನದ ಹಿಂಡು, ದ್ರೌಪದಿ ರಾಣಿ ಸುದೇಷ್ಣೆಯ ಬಳಿ ಸೈರಂಧ್ರಿ. ಆರು ಜನ, ಆರು ಕೆಲಸ. ಒಬ್ಬರ ಕೆಲಸ ಇನ್ನೊಬ್ಬರದಕ್ಕೆ ಅಡ್ಡ ಬರುವುದಿಲ್ಲ. ರಾಜಸಭೆಯಿಂದ ಹಿಡಿದು ಕೊಟ್ಟಿಗೆಯವರೆಗೆ ಅರಮನೆಯ ಯಾವ ಸುದ್ದಿಯೂ ಇವರಲ್ಲಿ ಒಬ್ಬರ ಕಿವಿಗೆ ಬೀಳದೆ ಇರುವುದಿಲ್ಲ.

ಪಾತ್ರ ಕಟ್ಟಿಕೊಂಡು ಆಡುವ ಸಾಹಸದ ಆಟಗಳಿಗೆ ಇದಕ್ಕಿಂತ ಒಳ್ಳೆಯ ಮೊದಲ ಪಾಠ ನನಗೆ ಗೊತ್ತಿಲ್ಲ. ಆ ಅಜ್ಞಾತವಾಸ ನಡೆದ ಊರು ನಮ್ಮದೇ ಎನ್ನುತ್ತಾರೆ ಹಾವೇರಿ ಜಿಲ್ಲೆಯ ಹಾನಗಲ್ಲಿನವರು. ಶಾಸನಗಳ ಪಾನುಂಗಲ್ಲಿಗೆ ವಿರಾಟನಗರ, ವಿರಾಟಕೋಟೆ ಎಂಬ ಹೆಸರುಗಳೂ ಇವೆ. ಊರ ಬಳಿಯ ದಿಬ್ಬವೊಂದಕ್ಕೆ ಕುಂತಿಯ ಹೆಸರಿದೆ. ಮಳೆ ಹಿಂದೆಗೆದ ವರ್ಷ ವಿರಾಟಪರ್ವ ಓದಿಸುವ ರೂಢಿಯೂ ನಮ್ಮ ನಾಡಿನಲ್ಲಿದೆ. ಕಥೆ ಗೊತ್ತಿದೆ, ಜಾಗ ಕಣ್ಣೆದುರಿಗಿದೆ. ಆಟದ ನಿಯಮ ಕಲಿಯುವುದಷ್ಟೇ ಬಾಕಿ.

ಕಂಪ್ಯೂಟರಿನಲ್ಲೋ ಮೊಬೈಲಿನಲ್ಲೋ ಇಂಥ ಆಟ ಹಿಡಿದ ಹುಡುಗರು ಮೊದಲು ಹುಡುಕುವುದು ‘ಬೆಸ್ಟ್ ಬಿಲ್ಡ್’. ಯಾವ ಪಾತ್ರ ಅತಿ ಹೆಚ್ಚು ಹೊಡೆಯುತ್ತದೆ, ಯಾರು ಸಾಯುವುದೇ ಇಲ್ಲ ಎಂಬ ಹುಡುಕಾಟ ಅದು. ಆ ಹುಡುಕಾಟ ಆಟವನ್ನು ಬಡವಾಗಿಸುತ್ತದೆ ಎಂದು ನಾನು ನಂಬುತ್ತೇನೆ. ಈ ಆಟಗಳನ್ನು ರೂಪಿಸಿರುವುದೇ ತಂಡಕ್ಕಾಗಿ. ನಿಮ್ಮ ಪಾತ್ರಕ್ಕೆ ಏನು ಬರುವುದಿಲ್ಲ ಎಂಬುದನ್ನು ಮೊದಲು ಗೊತ್ತು ಮಾಡಿ, ಆ ಕೊರತೆ ಯಾರ ಬಲದಿಂದ ತುಂಬುತ್ತದೆ ಎಂದು ನೋಡಿಕೊಂಡು ಕಟ್ಟಿದರೆ ಸಾಧಾರಣ ಅಂಕಗಳ ನಾಲ್ಕು ಪಾತ್ರಗಳು ಒಬ್ಬ ಮಹಾವೀರನನ್ನು ಮೀರಿಸುತ್ತವೆ. ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರುಗಳಿಂದ ಒಂದೊಂದು ಪಾತ್ರ ತೆಗೆದು ಇದನ್ನು ಮಾಡಿ ತೋರಿಸುತ್ತೇನೆ.

ಬೇಕಾದ ಸಾಮಾನು

ಇಂಥ ಆಟಗಳಿಗೆಲ್ಲ ಮೂಲ ಡಂಜನ್ಸ್ ಅಂಡ್ ಡ್ರ್ಯಾಗನ್ಸ್. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಅದನ್ನು ಹೊರತಂದರು. ಕಂಪ್ಯೂಟರ್ ಬೇಕಿಲ್ಲ. ಒಬ್ಬರು ಕಥೆ ನಡೆಸುತ್ತಾರೆ; ಉಳಿದವರು ತಲಾ ಒಂದು ಪಾತ್ರ ಹಿಡಿದು ‘ನಾನು ಇದನ್ನು ಮಾಡುತ್ತೇನೆ’ ಎಂದು ಹೇಳುತ್ತಾರೆ. ಆಗುತ್ತದೋ ಇಲ್ಲವೋ ಎಂಬ ಅನುಮಾನ ಬಂದ ಕಡೆ ಇಪ್ಪತ್ತು ಮುಖದ ದಾಳ ಉರುಳಿಸಿ, ಬಂದ ಅಂಕಕ್ಕೆ ಪಾತ್ರದ ಬಲ ಕೂಡಿಸಿ, ಕಥೆ ನಡೆಸುವವರು ಇಟ್ಟ ಗುರಿಸಂಖ್ಯೆ ಮುಟ್ಟಿತೇ ಎಂದು ನೋಡುವುದು. ಆಟದ ಯಂತ್ರ ಇಷ್ಟೇ.

ಇಪ್ಪತ್ತು ಮುಖದ ದಾಳ ಪೇಟೆಯಲ್ಲಿ ಸಿಗದಿದ್ದರೆ ಚಿಂತೆ ಬೇಡ. ಒಂದರಿಂದ ಇಪ್ಪತ್ತರವರೆಗೆ ಬರೆದ ಚೀಟಿಗಳನ್ನು ಒಂದೇ ಅಳತೆಯಲ್ಲಿ ಮಡಚಿ ಡಬ್ಬಿಗೆ ಹಾಕಿ. ಎಳೆದ ಚೀಟಿಯನ್ನು ಪ್ರತಿ ಸಲ ವಾಪಸು ಹಾಕಿ ಅಲುಗಿಸಲೇಬೇಕು, ಇಲ್ಲದಿದ್ದರೆ ಮುಂದಿನವರ ಅವಕಾಶ ಬದಲಾಗುತ್ತದೆ. ಎರಡು ಸಲ ಎಳೆದು ದೊಡ್ಡದನ್ನು ಇಟ್ಟುಕೊಳ್ಳುವ ಸಂದರ್ಭ ಆಟದಲ್ಲಿ ಮೇಲಿಂದ ಮೇಲೆ ಬರುತ್ತದೆ. ಆಗಲೂ ಮೊದಲನೆಯದನ್ನು ಡಬ್ಬಿಗೆ ಹಾಕಿಯೇ ಎರಡನೆಯದನ್ನು ಎಳೆಯಬೇಕು. ಆರು ಮುಖದ ದಾಳವನ್ನು ಮನೆಯ ಹಾವು-ಏಣಿ ಪೆಟ್ಟಿಗೆಯಿಂದ ತೆಗೆದುಕೊಳ್ಳಿ. ಚೌಕ ರೂಲಿನ ಗಣಿತದ ನೋಟ್‌ಬುಕ್ ನಕ್ಷೆಯಾಗುತ್ತದೆ: ಒಂದು ಚೌಕ ಎಂದರೆ ಐದು ಅಡಿ.

ನಿಯಮಗಳಿಗೂ ದುಡ್ಡು ಕೊಡಬೇಕಿಲ್ಲ. ಆಟದ ಮೂಲ ನಿಯಮಪಾಠವನ್ನು ಪ್ರಕಾಶಕರಾದ ವಿಝಾರ್ಡ್ಸ್ ಆಫ್ ದಿ ಕೋಸ್ಟ್ 2023ರ ಜನವರಿಯಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಬಿಟ್ಟುಕೊಟ್ಟರು. 2024ರ ಪರಿಷ್ಕೃತ ನಿಯಮಗಳ ಪಾಠವೂ 2025ರಲ್ಲಿ ಅದೇ ರೀತಿ ಬಂತು. ಇಲ್ಲಿ ಹೇಳುತ್ತಿರುವ ಲೆಕ್ಕವೆಲ್ಲ ಈ ಪರಿಷ್ಕೃತ ನಿಯಮಗಳದ್ದು.

ಇಪ್ಪತ್ತೇಳು ಅಂಕದ ಸಂತೆ

ಪ್ರತಿ ಪಾತ್ರಕ್ಕೂ ಆರು ಗುಣ: ತೋಳ್ಬಲ, ಚುರುಕು, ಮೈತಾಳಿಕೆ, ಬುದ್ಧಿ, ವಿವೇಕ, ವರ್ಚಸ್ಸು. ಪುಸ್ತಕದಲ್ಲಿ ಇವೇ ಕ್ರಮವಾಗಿ ಸ್ಟ್ರೆಂತ್, ಡೆಕ್ಸ್ಟೆರಿಟಿ, ಕಾನ್‌ಸ್ಟಿಟ್ಯೂಷನ್, ಇಂಟೆಲಿಜೆನ್ಸ್, ವಿಸ್ಡಂ, ಕರಿಸ್ಮಾ. ಎಲ್ಲವೂ ಎಂಟರಿಂದ ಶುರು. ನಿಮ್ಮ ಕೈಯಲ್ಲಿ 27 ಅಂಕ ಇರುತ್ತದೆ. ಅದನ್ನು ಖರ್ಚು ಮಾಡಿ ಗುಣಗಳನ್ನು ಏರಿಸಬೇಕು. ಹದಿಮೂರರವರೆಗೆ ಒಂದೊಂದು ಮೆಟ್ಟಿಲಿಗೆ ಒಂದೊಂದು ಅಂಕ, ಅಂದರೆ 13ಕ್ಕೆ 5. ಅಲ್ಲಿಂದ ಮುಂದೆ ಬೆಲೆ ಏರುತ್ತದೆ: 14ಕ್ಕೆ 7, 15ಕ್ಕೆ 9. ಹದಿನೈದರ ಮೇಲೆ ಕೊಳ್ಳುವಂತಿಲ್ಲ.

ಹೊಸಬರು ಎಡವುವುದು ಇಲ್ಲೇ. ಆಟದಲ್ಲಿ ಲೆಕ್ಕಕ್ಕೆ ಬರುವುದು ಗುಣದ ಅಂಕವಲ್ಲ, ಅದರಿಂದ ಸಿಗುವ ಕೂಡಿಕೆ. 10-11ಕ್ಕೆ ಸೊನ್ನೆ, 12-13ಕ್ಕೆ ಒಂದು, 14-15ಕ್ಕೆ ಎರಡು, 16-17ಕ್ಕೆ ಮೂರು. 8-9 ಇದ್ದರೆ ಒಂದು ಕಳೆಯಬೇಕು. ಹಾಗಾಗಿ 14ಕ್ಕೂ 15ಕ್ಕೂ ಫಲ ಒಂದೇ, ಖರ್ಚು ಮಾತ್ರ ಎರಡು ಅಂಕ ಹೆಚ್ಚು. ಹಾಗಿದ್ದರೆ 15 ಯಾಕೆ ಕೊಳ್ಳಬೇಕು? ಪಾತ್ರದ ಹಿನ್ನೆಲೆ ಎಂಬುದೊಂದಿದೆ. ಸೈನಿಕ, ದೇವಸ್ಥಾನದ ಸೇವಕ, ವಿದ್ವಾಂಸ, ಕಳ್ಳ — ಹೀಗೆ ಪಾತ್ರ ಮೊದಲು ಏನಾಗಿತ್ತು ಎಂಬುದರ ಮೇಲೆ ಒಂದು ಗುಣಕ್ಕೆ ಎರಡು, ಇನ್ನೊಂದಕ್ಕೆ ಒಂದು ಅಂಕ ಪುಕ್ಕಟೆ ಸಿಗುತ್ತದೆ. ಬುದ್ಧಿವಂತರು 15ಕ್ಕೆ ಒಂದನ್ನೂ 14ಕ್ಕೆ ಎರಡನ್ನೂ ಸೇರಿಸಿ ಎರಡು ಕಡೆ 16 ಮಾಡಿಕೊಳ್ಳುತ್ತಾರೆ. ಎರಡನ್ನು 15ಕ್ಕೇ ಸುರಿದು 17 ಮಾಡಿದರೆ ಕಾಣುವುದಕ್ಕೆ ದೊಡ್ಡದು, ಸದ್ಯಕ್ಕೆ ಫಲವೇನೂ ಹೆಚ್ಚಿಲ್ಲ.

ಈಗ ಹಾನಗಲ್ಲಿನ ಕೋಟೆ ಕಾವಲಿನವನನ್ನು ಕಟ್ಟೋಣ. ಅವನ ವರ್ಗ, ಅಂದರೆ ಆಟದಲ್ಲಿನ ಕಸುಬು, ಫೈಟರ್; ಹಿನ್ನೆಲೆ ಸೈನಿಕ. ತೋಳ್ಬಲ 15, ಅದಕ್ಕೆ 9 ಅಂಕ. ಮೈತಾಳಿಕೆ 14, ಅದಕ್ಕೆ 7. ಉಳಿದ ಹನ್ನೊಂದರಲ್ಲಿ ವಿವೇಕ 13ಕ್ಕೆ 5, ಚುರುಕು 12ಕ್ಕೆ 4, ವರ್ಚಸ್ಸು 10ಕ್ಕೆ 2. ಬುದ್ಧಿ ಎಂಟರಲ್ಲೇ ಉಳಿಯಿತು. ಲೆಕ್ಕ 27ಕ್ಕೆ ಸರಿಹೋಯಿತು. ಸೈನಿಕ ಹಿನ್ನೆಲೆಯಿಂದ ತೋಳ್ಬಲಕ್ಕೆ ಒಂದು, ಮೈತಾಳಿಕೆಗೆ ಎರಡು ಸೇರಿ ಎರಡೂ 16. ಮೊದಲ ಲೆವೆಲ್ಲಿನಲ್ಲಿ ಫೈಟರ್‌ಗೆ ಹತ್ತು ಎಚ್‌ಪಿ (ಏಟು ತಾಳುವ ಅಂಕ), ಮೈತಾಳಿಕೆಯ ಮೂರು ಸೇರಿ ಹದಿಮೂರು. ಕತ್ತಿ ಬೀಸಿದಾಗ ತೋಳ್ಬಲದ ಮೂರು, ಪಳಗಿದ್ದಕ್ಕೆ ಎರಡು, ಒಟ್ಟು ಐದನ್ನು ದಾಳದ ಅಂಕಕ್ಕೆ ಕೂಡಿಸುತ್ತಾನೆ.

ಬುದ್ಧಿ ಎಂಟು ಯಾಕೆ ಬಿಟ್ಟೆವು? ಹಿರೇಕೆರೂರಿನ ಪಾತ್ರಕ್ಕಾಗಿ. ಸರ್ವಜ್ಞನ ಹೆಸರು ಅಬಲೂರು-ಮಾಸೂರುಗಳ ಜೊತೆ ಬೆರೆತು ಬಂದ ಸೀಮೆ ಅದು. ಊರೂರು ತಿರುಗಿ ಕಲಿತ ಒಬ್ಬ ವಿದ್ವಾಂಸೆ ಅಲ್ಲಿಂದ ಬರಲಿ. ವಿಝಾರ್ಡ್ ವರ್ಗ, ಬುದ್ಧಿ 16, ತೋಳ್ಬಲ 8. ಕಾವಲಿನವನಿಗೆ ಓದಲು ಬಾರದ ಶಾಸನವನ್ನು ಅವಳು ಓದುತ್ತಾಳೆ. ಅವಳು ಅಲುಗಿಸಲಾರದ ಕಲ್ಲುಬಾಗಿಲನ್ನು ಅವನು ನೂಕುತ್ತಾನೆ. ಇಬ್ಬರೂ ಎರಡನ್ನೂ ಅರ್ಧಂಬರ್ಧ ಕಲಿತಿದ್ದರೆ ಬಾಗಿಲೂ ತೆರೆಯುತ್ತಿರಲಿಲ್ಲ, ಶಾಸನವೂ ಅರ್ಥವಾಗುತ್ತಿರಲಿಲ್ಲ.

ಕಾವಲಿನವನ ವಿವೇಕಕ್ಕೆ 13 ಇಟ್ಟದ್ದಕ್ಕೆ ಬೇರೆಯೇ ಕಾರಣ ಇದೆ. ಪಾತ್ರ ಮುಂದೆ ಇನ್ನೊಂದು ವರ್ಗಕ್ಕೆ ಕಾಲಿಡಬೇಕಾದರೆ ಹಳೆಯ ವರ್ಗದ ಮುಖ್ಯ ಗುಣ, ಹೊಸದರ ಮುಖ್ಯ ಗುಣ ಎರಡೂ ಕನಿಷ್ಠ 13 ಇರಬೇಕೆಂಬ ನಿಯಮವಿದೆ. ದೈವಬಲದಿಂದ ಮಂತ್ರ ಹಾಕುವ ಕ್ಲರಿಕ್ ವರ್ಗದ ಮುಖ್ಯ ಗುಣ ವಿವೇಕ. ಇವತ್ತು ಕತ್ತಿ ಹಿಡಿದವನು ನಾಳೆ ದೈವದ ಕಡೆ ತಿರುಗಬಹುದಾದ ಕಿಂಡಿಯೊಂದನ್ನು ನಾವು ಐದು ಅಂಕಕ್ಕೆ ತೆರೆದಿಟ್ಟಿದ್ದೇವೆ. ಶಿಗ್ಗಾಂವಿ ತಾಲ್ಲೂಕಿನ ಬಾಡದಲ್ಲಿ ಹುಟ್ಟಿದ ತಿಮ್ಮಪ್ಪನಾಯಕ ಕನಕದಾಸರಾದ ಕಥೆ ಗೊತ್ತಿರುವ ಊರಿನವರಿಗೆ ಇಂಥ ತಿರುವು ಹೊಸದಲ್ಲ. ಕನಕದಾಸರನ್ನೇ ಆಟದ ಪಾತ್ರ ಮಾಡಿಕೊಳ್ಳುವುದು ಬೇಡ; ಅವರ ಬಾಳಿನಿಂದ ಒಂದು ವಿಷಯ ಕಲಿತರೆ ಸಾಕು. ಬದಲಾವಣೆಗೆ ಬದುಕಿನಲ್ಲಿ ಕಾರಣ ಇರಬೇಕು. ‘ಎರಡು ಲೆವೆಲ್ ಕ್ಲರಿಕ್ ತಗೊಂಡರೆ ಇಂಥ ಲಾಭ’ ಎಂದು ವರ್ಗ ಬದಲಿಸಿದವರ ಪಾತ್ರ ಸಪ್ಪೆಯಾಗುವುದು ಅದಿಲ್ಲದ್ದಕ್ಕೆ. ಯುದ್ಧದಲ್ಲಿ ಏನೋ ಕಂಡ, ಯಾರನ್ನೋ ಕಳೆದುಕೊಂಡ, ಆಮೇಲೆ ತಿರುಗಿದ ಎಂದಾದರೆ ಮೇಜಿನ ಸುತ್ತ ಕೂತವರೆಲ್ಲ ಕಿವಿಗೊಡುತ್ತಾರೆ.

ಪಾತ್ರಕ್ಕೆ ಮಾತು ಕೊಡುವ ವಿದ್ಯೆ ನಮ್ಮ ದೊಡ್ಡಾಟದಲ್ಲೇ ಇದೆ. ವೇಷ ರಂಗಕ್ಕೆ ಬಂದ ಕೂಡಲೇ ಸಾರಥಿ ಎದುರು ನಿಂತು ಮಾತಿಗೆಳೆಯುತ್ತಾನೆ: ತಾವು ಯಾರು, ಯಾವ ಊರು, ಬಂದ ಕಾರಣವೇನು? ಮೊದಲ ದಿನದ ಆಟದಲ್ಲಿ ಕಥೆ ನಡೆಸುವವರು ಸಾರಥಿಯ ಕೆಲಸವನ್ನೇ ಮಾಡಲಿ. ಅಂಕಗಳ ಹಾಳೆ ಮಡಚಿಟ್ಟು, ಒಬ್ಬೊಬ್ಬರಾಗಿ ಎದ್ದು ನಿಂತು ಪಾತ್ರವಾಗಿ ಉತ್ತರ ಹೇಳಲಿ. ನಾಚಿಕೆ ಬಿಡುವುದಕ್ಕೂ ಇದು ಒಳ್ಳೆಯ ಉಪಾಯ. ಶಿಗ್ಗಾಂವಿ ತಾಲ್ಲೂಕಿನ ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯವೇ ಇದೆ. ದೊಡ್ಡಾಟ ನೋಡದ ಹುಡುಗರು ಒಂದು ಪ್ರಯೋಗವನ್ನಾದರೂ ನೋಡಿ ಬಂದು ಆಟಕ್ಕೆ ಕೂತರೆ ಅವರ ಗಂಟಲೇ ಬೇರೆಯಾಗುತ್ತದೆ.

ಬಂಕಾಪುರದ ಕಂಬಗಳ ನಡುವೆ

ಉಳಿದ ಇಬ್ಬರ ಪರಿಚಯ ಬೇಗ ಮುಗಿಸುತ್ತೇನೆ. ನವಾಬರ ಕಾಲದ ಸವಣೂರಿನಿಂದ ಒಬ್ಬ ಬೇಹುಗಾರ್ತಿ: ರೋಗ್ ವರ್ಗ, ಚುರುಕು 16, ಕೈಯಲ್ಲಿ ಸಣ್ಣ ಬಿಲ್ಲು, ಕನ್ನಡ-ಉರ್ದು ಎರಡೂ ಸಲೀಸು. ದೊಡ್ಡಹುಣಸೆ ಮಠದ ಬಾವೋಬಾಬ್ ಮರಗಳ ಹಿಂದೆ ಒಂದು ಸೈನ್ಯವೇ ಅಡಗಬಹುದು ಎಂದು ಬೆಳೆದವಳು. ಶಿಗ್ಗಾಂವಿ ಸೀಮೆಯಿಂದ ಒಬ್ಬ ನಾಟಿ ವೈದ್ಯ: ಕ್ಲರಿಕ್ ವರ್ಗ, ವಿವೇಕ 16. ಈ ನಾಲ್ವರನ್ನು ಬಂಕಾಪುರ ಕೋಟೆಯ ನಗರೇಶ್ವರ ಗುಡಿಯಂಥ ಒಂದು ಮಂಟಪಕ್ಕೆ ಕಳುಹಿಸೋಣ. ಅರವತ್ತು ಕಂಬದ ಗುಡಿ ಎಂದೇ ಹೆಸರಾದ ಅದರ ನಕ್ಷೆಯನ್ನು ನೋಟ್‌ಬುಕ್ಕಿನ ಚೌಕಗಳಲ್ಲಿ ಎಳೆದರೆ ಕಾಳಗಕ್ಕೆ ಹೇಳಿ ಮಾಡಿಸಿದ ಜಾಗ. ಮೈಯ ಅರ್ಧ ಭಾಗ ಕಂಬದ ಮರೆಯಲ್ಲಿದ್ದರೆ ವೈರಿಯ ಏಟು ತಾಗುವ ಗುರಿಸಂಖ್ಯೆ ಎರಡು ಏರುತ್ತದೆ, ಮುಕ್ಕಾಲು ಭಾಗ ಮರೆಯಾದರೆ ಐದು ಏರುತ್ತದೆ. ದಾಳದ ಒಂದು ಅಂಕ ಎಂದರೆ ನೂರಕ್ಕೆ ಐದು ಅವಕಾಶ. ಒಂದು ಕಂಬದ ಮರೆ ನೂರಕ್ಕೆ ಇಪ್ಪತ್ತೈದರಷ್ಟು ಏಟು ತಪ್ಪಿಸಬಹುದು.

ಮಂಟಪದಲ್ಲಿ ನಾಲ್ವರು ದರೋಡೆಕಾರರು. ಮೇಜಿನ ಸುತ್ತಲಿನ ಮಾತು ಹೀಗೆ ನಡೆಯುತ್ತದೆ ಎಂದುಕೊಳ್ಳಿ:

“ನಾ ಕಂಬದ ಹಿಂದ ನಿಂತು ಬಾಣ ಬಿಡ್ತೀನಿ.”

“ಅಕ್ಕಾ, ತಡಿ. ಮೊದ್ಲ ನಾ ಹೋಗಿ ಅವನ ಬಗಲಾಗ ನಿಂದರ್ತೀನಿ. ಆಮ್ಯಾಲೆ ನೀ ಬಿಡು.”

“ನಿನ್ನ ಪಾಳೆ ನನ್ನಕಿಂತ ಹಿಂದ ಐತಲ್ಲೋ?”

“ಪಾಳೆ ಅದಲು ಬದಲು ಮಾಡ್ಕೊಳೋಣ. ನಿನಗ ಆ ವಿದ್ಯಾ ಐತಿ, ಹಾಳಿ ಮ್ಯಾಲೆ ನೋಡು.”

ಈ ನಾಲ್ಕು ಸಾಲಿನಲ್ಲಿ ಜೊತೆಗಾರರ ತಂತ್ರದ ಹೂರಣವೇ ಇದೆ. ರೋಗ್ ವರ್ಗಕ್ಕೆ ‘ಸ್ನೀಕ್ ಅಟ್ಯಾಕ್’ ಎಂಬ ಶಕ್ತಿ ಇದೆ: ಗುರಿಯ ಐದು ಅಡಿಯೊಳಗೆ ತನ್ನವರೊಬ್ಬರು ನಿಂತಿದ್ದರೆ ಆ ಏಟಿಗೆ ಇನ್ನೊಂದು ಆರು ಮುಖದ ದಾಳ ಸೇರುತ್ತದೆ. ಒಬ್ಬಳೇ ಬಿಟ್ಟ ಬಾಣ ತಾಗಿದರೆ ಸರಾಸರಿ ಆರೂವರೆ. ಕಾವಲಿನವನು ವೈರಿಯ ಪಕ್ಕ ನಿಂತ ಮೇಲೆ ಬಿಟ್ಟರೆ ಹತ್ತು. ಅವನು ಕತ್ತಿಯನ್ನೇ ಎತ್ತದೆ ಬರೀ ಪಕ್ಕದಲ್ಲಿ ನಿಂತರೂ ಸಾಕು. ಬೇಹುಗಾರ್ತಿಯ ಹಿನ್ನೆಲೆಯಿಂದ ಬಂದ ‘ಅಲರ್ಟ್’ ಎಂಬ ವಿದ್ಯೆ ಕಾಳಗದ ಆರಂಭದಲ್ಲಿ ತನ್ನ ಸರದಿಯನ್ನು ಒಪ್ಪಿದ ಜೊತೆಗಾರನ ಜೊತೆ ಬದಲಿಸಿಕೊಳ್ಳಲು ಬಿಡುತ್ತದೆ. ಉತ್ತರಕುಮಾರನೂ ಬೃಹನ್ನಳೆಯೂ ರಥದಲ್ಲಿ ಮಾಡಿದ್ದು ಇದನ್ನೇ. ಸಾರಥಿಯಾಗಿ ಬಂದವನು ಬಿಲ್ಲು ಹಿಡಿದ, ಬಿಲ್ಲು ಹಿಡಿದು ಬಂದವನು ಲಗಾಮು ಹಿಡಿದ. ಹೆದರಿ ಓಡಿದ ಹುಡುಗನನ್ನು ಹಿಡಿದು ತಂದು, ಅವನಿಂದ ಆಗುವ ಕೆಲಸ ಅವನಿಗೆ ಕೊಟ್ಟದ್ದರಿಂದ ಆ ಯುದ್ಧ ಗೆಲ್ಲುವಂತಾಯಿತು. ನಿಮ್ಮ ತಂಡದಲ್ಲೂ ಹಾಗೆ ಹಿಂಜರಿಯುವ ಹೊಸ ಆಟಗಾರ ಇದ್ದರೆ, ಅವನಿಗೆ ರಥ ನಡೆಸುವಂಥದ್ದೊಂದು ಕೆಲಸ ಕೊಡಿ.

ಅಂಥ ಕೆಲಸಕ್ಕೆ ನಿಯಮದಲ್ಲಿರುವ ಹೆಸರು ‘ಹೆಲ್ಪ್’. ವೈರಿಯ ಐದು ಅಡಿಯೊಳಗೆ ನಿಂತು ಅವನ ಗಮನ ಕದಡಿದರೆ, ಮುಂದಿನ ಜೊತೆಗಾರ ಅವನ ಮೇಲೆ ದಾಳವನ್ನು ಎರಡು ಸಲ ಉರುಳಿಸಿ ದೊಡ್ಡದನ್ನು ಇಟ್ಟುಕೊಳ್ಳುತ್ತಾನೆ. ಇದರ ಬಲ ಎಷ್ಟೆಂದು ಬಹಳ ಜನ ಲೆಕ್ಕ ಹಾಕಿರುವುದಿಲ್ಲ. ಹನ್ನೊಂದು ಅಥವಾ ಹೆಚ್ಚು ಬೀಳಬೇಕಾದಲ್ಲಿ ಒಂದು ಸಲಕ್ಕೆ ನೂರಕ್ಕೆ ಐವತ್ತು ಅವಕಾಶ, ಎರಡು ಸಲಕ್ಕೆ ಎಪ್ಪತ್ತೈದು. ಹದಿನೈದು ಬೀಳಬೇಕಾದಲ್ಲಿ ಮೂವತ್ತು ಇದ್ದದ್ದು ಐವತ್ತೊಂದಕ್ಕೆ ಏರುತ್ತದೆ. ಮಂತ್ರವೆಲ್ಲ ಖರ್ಚಾಗಿ ಕೈಯಲ್ಲಿ ಚಿಕ್ಕ ಚೂರಿ ಮಾತ್ರ ಉಳಿದ ವಿಝಾರ್ಡ್ ತಾನೇ ಹೊಡೆಯುವುದಕ್ಕಿಂತ, ದೊಡ್ಡ ಕತ್ತಿಯವನಿಗೆ ಹೀಗೆ ನೆರವಾದರೆ ತಂಡಕ್ಕೆ ಲಾಭ ಹೆಚ್ಚು. ಆದರೆ ಆರು-ಏಳು ಎಚ್‌ಪಿ ಇರುವ ಪಾತ್ರ ವೈರಿಯ ಬಗಲಿಗೆ ಹೋಗಿ ನಿಲ್ಲುವುದು ಅಪಾಯ ಎಂಬುದೂ ನೆನಪಿರಲಿ. ವೈದ್ಯ ಆ ಕೆಲಸಕ್ಕೆ ಹೆಚ್ಚು ತಕ್ಕವನು.

ಎಲ್ಲಕ್ಕಿಂತ ಮುಖ್ಯವಾದದ್ದು, ಎಲ್ಲರೂ ಮರೆಯುವುದು: ಒಬ್ಬನನ್ನೇ ಹೊಡೆಯಿರಿ. ಈ ಆಟದಲ್ಲಿ ಒಂದೇ ಎಚ್‌ಪಿ ಉಳಿದ ವೈರಿಯೂ ಮೈತುಂಬ ಬಲವಿರುವವನಷ್ಟೇ ಜೋರಾಗಿ ಹೊಡೆಯುತ್ತಾನೆ. ನಾಲ್ವರು ದರೋಡೆಕಾರರನ್ನು ನಾಲ್ವರು ಹಂಚಿಕೊಂಡು ಹೊಡೆದು ಎಲ್ಲರೂ ನಾಲ್ಕನೇ ಸುತ್ತಿನ ಕೊನೆಗೆ ಬಿದ್ದರು ಎನ್ನಿ. ಅಷ್ಟರಲ್ಲಿ ಅವರು ಹದಿನಾರು ಸಲ ಕತ್ತಿ ಬೀಸಿರುತ್ತಾರೆ. ಅದೇ ನಾಲ್ಕು ಸುತ್ತಿನಲ್ಲಿ ಎಲ್ಲರೂ ಸೇರಿ ಸುತ್ತಿಗೊಬ್ಬನನ್ನು ಕೆಡವಿದರೆ ಅವರು ಬೀಸುವುದು ನಾಲ್ಕು, ಮೂರು, ಎರಡು, ಒಂದು — ಒಟ್ಟು ಹತ್ತು. ನಿಮ್ಮ ಶ್ರಮ ಒಂದೇ, ಆರು ಏಟು ಉಳಿಯಿತು. ಅಷ್ಟು ಉಳಿದರೆ ವೈದ್ಯನ ಮಂತ್ರವೂ ಉಳಿಯುತ್ತದೆ.

ವೈರಿಯನ್ನು ನೆಲಕ್ಕೆ ಕೆಡವುವ ವಿದ್ಯೆಯಲ್ಲಿ ಒಂದು ಸೂಕ್ಷ್ಮ ಇದೆ. ಬಿದ್ದವನ ಹತ್ತಿರ ನಿಂತು ಹೊಡೆಯುವವರಿಗೆ ಎರಡು ದಾಳದ ಲಾಭ. ದೂರದಿಂದ ಬಾಣ ಬಿಡುವವರಿಗೆ ಮಾತ್ರ ತದ್ವಿರುದ್ಧ, ಎರಡರಲ್ಲಿ ಚಿಕ್ಕದನ್ನು ತೆಗೆದುಕೊಳ್ಳಬೇಕು. ಹೀಗಾಗಿ ಕಾವಲಿನವನು ಉತ್ಸಾಹದಲ್ಲಿ ವೈರಿಯನ್ನು ಕೆಡವಿದ ಕೂಡಲೇ ಬೇಹುಗಾರ್ತಿಯ ಬಾಣ ಮಂಕಾಗುತ್ತದೆ, ಸ್ನೀಕ್ ಅಟ್ಯಾಕ್ ಕೂಡ ಸಿಗುವುದಿಲ್ಲ. ಕೆಡವುವ ಮುನ್ನ ‘ಅಕ್ಕಾ, ನಿನ್ನ ಬಾಣ ಆತೇನು?’ ಎಂದು ಕೇಳುವ ರೂಢಿ ಬೆಳೆಸಿಕೊಳ್ಳಿ.

ಅರ್ಜುನ ಗೋಗ್ರಹಣದ ಕೊನೆಗೆ ಕೌರವ ಸೇನೆಯನ್ನು ಕೊಂದು ಮುಗಿಸಲಿಲ್ಲ, ಸಮ್ಮೋಹನಾಸ್ತ್ರ ಬಿಟ್ಟು ಮಂಕು ಕವಿಸಿದ. ವಿಝಾರ್ಡ್‌ನ ನಿದ್ರೆಯ ಮಂತ್ರ ಅದೇ ಬಗೆಯದ್ದು, ಮೊದಲ ಲೆವೆಲ್ಲಿಗೇ ಸಿಗುತ್ತದೆ. ಇಂಥ ಎಷ್ಟೋ ಮಂತ್ರಗಳಿಗೆ ಏಕಾಗ್ರತೆ ಬೇಕು: ಒಂದು ಸಲಕ್ಕೆ ಒಂದೇ ನಡೆಯುತ್ತದೆ, ಮಂತ್ರ ಹಿಡಿದವರಿಗೆ ಏಟು ಬಿದ್ದರೆ ಮೈತಾಳಿಕೆಯ ದಾಳ ಉರುಳಿಸಿ ಕನಿಷ್ಠ ಹತ್ತು ತರಬೇಕು, ಇಲ್ಲವಾದರೆ ಮಂತ್ರ ಮುರಿಯಿತು. ವಿಝಾರ್ಡ್‌ಗೆ ಬುದ್ಧಿಯಾದ ಮೇಲೆ ಮೈತಾಳಿಕೆಗೇ ಅಂಕ ಹಾಕಿ ಎನ್ನುವುದು ಇದಕ್ಕೇ. ವೈದ್ಯನ ‘ಬ್ಲೆಸ್’ ಕೂಡ ಏಕಾಗ್ರತೆಯ ಮಂತ್ರ. ಮೂವರ ಪ್ರತಿ ಏಟಿಗೂ ಒಂದು ನಾಲ್ಕು ಮುಖದ ದಾಳ ಕೂಡಿಸುತ್ತದೆ. ಸರಾಸರಿ ಎರಡೂವರೆ, ಅಂದರೆ ನೂರಕ್ಕೆ ಹನ್ನೆರಡೂವರೆ ಅವಕಾಶ. ಕಾಳಗದ ಮೊದಲ ಸುತ್ತಿನಲ್ಲೇ ಅದನ್ನು ಹಾಕಬೇಕು. ಸಣ್ಣಪುಟ್ಟ ಗಾಯ ಕಂಡಲ್ಲೆಲ್ಲ ವಾಸಿ ಮಾಡುತ್ತ ಮಂತ್ರ ಸವೆಸುವ ವೈದ್ಯ ತಂಡಕ್ಕೆ ಭಾರ. ಯಾರಾದರೂ ಸೊನ್ನೆಗೆ ಬಂದು ಬಿದ್ದಾಗ ದೂರದಿಂದಲೇ ‘ಹೀಲಿಂಗ್ ವರ್ಡ್’ ಹೇಳಿ ಎಬ್ಬಿಸಬೇಕು. ಬಿದ್ದವರು ತಮ್ಮ ಸರದಿಗೊಮ್ಮೆ ದಾಳ ಉರುಳಿಸುತ್ತಾರೆ. ಹತ್ತು ಅಥವಾ ಹೆಚ್ಚು ಮೂರು ಸಲ ಬಂದರೆ ಜೀವ ನಿಲ್ಲುತ್ತದೆ, ಕಡಿಮೆ ಮೂರು ಸಲ ಬಂದರೆ ಹೋಗುತ್ತದೆ. ಎಬ್ಬಿಸುವುದಕ್ಕೆ ಸಾಮಾನ್ಯವಾಗಿ ಒಂದೆರಡು ಸುತ್ತಿನ ಅವಕಾಶ ಇರುತ್ತದೆ. ಗಾಬರಿಯಾಗಿ ಎಲ್ಲರೂ ಬಿದ್ದವನ ಕಡೆ ಓಡಬೇಡಿ.

ಪಾತ್ರ ಸತ್ತೇ ಹೋದರೆ? ಈ ಸೀಮೆಯವರಿಗೆ ಅದರ ಉತ್ತರ ಊರ ಬಾಗಿಲಲ್ಲೇ ಇದೆ. ಹೊಯ್ಸಳ ಇಮ್ಮಡಿ ಬಲ್ಲಾಳ 1196ರಲ್ಲಿ ಹಾನಗಲ್ಲಿಗೆ ಮುತ್ತಿಗೆ ಹಾಕಿದಾಗ ಕದಂಬ ಕಾಮದೇವನ ದಂಡನಾಯಕ ಸೋಹಣಿ ಕಾದಾಡಿ ಮಡಿದ. ದನ ಕಾಯಲು ಹೋಗಿ ಸತ್ತ ಹೆಸರಿಲ್ಲದ ಎಷ್ಟೋ ಜನರ ತುರುಗೋಳ್ ವೀರಗಲ್ಲುಗಳು ಈ ಭಾಗದ ಹಳ್ಳಿಗಳಲ್ಲಿವೆ. ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವೆ ಅಪ್ಸರೆಯರು ಅವನನ್ನು ಒಯ್ಯುವುದು, ಮೇಲೆ ಶಿವನ ಸನ್ನಿಧಿ. ಸತ್ತ ಪಾತ್ರದ ಹಾಳೆಯನ್ನು ಹರಿದು ಎಸೆಯುವ ಬದಲು ಅದರ ಹಿಂದೆ ತಂಡದವರೆಲ್ಲ ಸೇರಿ ಒಂದು ವೀರಗಲ್ಲು ಬಿಡಿಸಿ: ಹೆಸರು, ಊರು, ಯಾರನ್ನು ಉಳಿಸಲು ಹೋಗಿ ಸತ್ತ, ಕಲ್ಲು ನಿಲ್ಲಿಸಿದವರು ಯಾರು. ಮುಂದಿನ ಕಥೆಯಲ್ಲಿ ಆ ಕಲ್ಲು ದಾರಿಯಲ್ಲಿ ಸಿಗಲಿ.

ಹೋರಿ ಜೊತೆಗಿದ್ದರೆ

ಹಾವೇರಿ ಜಿಲ್ಲೆಯ ಹುಡುಗರಿಗೆ ಜೊತೆಗಾರ ಎಂದರೆ ಮೊದಲು ನೆನಪಾಗುವುದು ಹೋರಿ. ದೀಪಾವಳಿಯಿಂದ ಶುರುವಾಗುವ ಕೊಬ್ಬರಿ ಹೋರಿ ಹಬ್ಬದಲ್ಲಿ ಒಂದೊಂದು ಹೋರಿಗೂ ಹೆಸರು, ಜೂಲ, ಕೊಬ್ಬರಿ ಸರ, ಅಭಿಮಾನಿಗಳ ಬಳಗ. ಆ ಹಬ್ಬದಲ್ಲಿ ಜೀವ ಹೋದ ಸುದ್ದಿಗಳೂ ಬರುತ್ತವೆ. 20 ಮುಖದ ದಾಳದ ಮೇಲೆ ಹೋರಿ ಓಡಿದರೆ ಯಾರ ಮನೆಗೂ ಹೆಣ ಬರುವುದಿಲ್ಲ ಎನ್ನುವುದೂ ಈ ಆಟದ ಮೇಲೆ ನನಗಿರುವ ಪ್ರೀತಿಗೆ ಒಂದು ಕಾರಣ.

ರೇಂಜರ್ ವರ್ಗದವರಿಗೆ ಮೂರನೇ ಲೆವೆಲ್ಲಿನಲ್ಲಿ ‘ಬೀಸ್ಟ್ ಮಾಸ್ಟರ್’ ಎಂಬ ದಾರಿ ಇದೆ. ಇದು ಪುಕ್ಕಟೆ ಪಾಠದಲ್ಲಿ ಇಲ್ಲ, ದುಡ್ಡು ಕೊಟ್ಟು ಕೊಳ್ಳುವ ಪುಸ್ತಕದಲ್ಲಿದೆ. ನೆಲದ ಮೇಲಿನ ಪ್ರಾಣಿಯ ಅಂಕಗಳನ್ನು ತೆಗೆದುಕೊಂಡು ಅದನ್ನು ಹೋರಿ ಎಂದು ಕರೆಯಿರಿ, ಅಷ್ಟೇ ಸಾಕು. ಎಚ್‌ಪಿ ಐದು, ಜೊತೆಗೆ ಲೆವೆಲ್ಲಿಗೆ ಐದರಂತೆ. ಇಪ್ಪತ್ತು ಅಡಿ, ಅಂದರೆ ನಾಲ್ಕು ಚೌಕ ನೇರ ಓಡಿ ಗುದ್ದಿದರೆ ಹೆಚ್ಚು ಪೆಟ್ಟು, ವೈರಿ ನೆಲಕ್ಕೂ ಬೀಳುತ್ತಾನೆ. ಹಬ್ಬದ ಹೋರಿಗೆ ಅಖಾಡ ಬಿಡಿಸುವಂತೆ ಇಲ್ಲೂ ನಾಲ್ಕು ಚೌಕದ ದಾರಿ ಖಾಲಿ ಇಡಬೇಕು. ಜೊತೆಗಾರರು ಅಡ್ಡ ನಿಂತರೆ ಹೋರಿಯ ಬಲ ವ್ಯರ್ಥ. ಇನ್ನೊಂದು ಮಾತು: ನೀವು ಅಪ್ಪಣೆ ಕೊಡದಿದ್ದರೆ ಹೋರಿ ತಪ್ಪಿಸಿಕೊಳ್ಳುತ್ತದೆಯೇ ಹೊರತು ತಾನಾಗಿ ಹೊಡೆಯುವುದಿಲ್ಲ. ಅಪ್ಪಣೆಗೆ ನಿಮ್ಮ ಸರದಿಯ ಒಂದು ಪಾಲು ಖರ್ಚಾಗುತ್ತದೆ. ಪ್ರತಿ ಸರದಿಯಲ್ಲೂ ಅದಕ್ಕೊಂದು ಕೆಲಸ ಯೋಚಿಸಿಡಿ.

ಹಿರೇಕೆರೂರು ಕಡೆಯ ಮಾಸೂರಿನ ಮದಗದ ಕೆರೆಯಂಥ ಜಾಗದಲ್ಲಿ ಹೋರಿಯ ಲೆಕ್ಕ ತಲೆಕೆಳಗಾಗುತ್ತದೆ. ಎರಡು ಗುಡ್ಡಗಳ ನಡುವೆ ಏರಿ ಕಟ್ಟಿದ ಹಳೆಯ ಕೆರೆ ಅದು. ನಿಮ್ಮ ಕಥೆಯಲ್ಲಿ ಅಂಥ ಕೆರೆಗೊಂದು ಕಲ್ಪನೆಯ ತೂಬು ಇಟ್ಟು ಅದರೊಳಗೆ ತಂಡವನ್ನು ಇಳಿಸಿ. ಒಂದೇ ಚೌಕ ಅಗಲದ ದಾರಿ. ಹೋರಿ ಓಡಲಾರದು, ಆದರೆ ಮುಂದೆ ನಿಂತ ಕಾವಲಿನವನೊಬ್ಬ ಹತ್ತು ಜನರನ್ನು ತಡೆಯಬಲ್ಲ. ಅವನ ಹಿಂದೆ ನಿಂತ ಬಿಲ್ಲಿನವಳಿಗೆ ಸ್ನೀಕ್ ಅಟ್ಯಾಕ್ ಸದಾ ಸಿಗುತ್ತದೆ. ಒಂದೇ ತಂಡಕ್ಕೆ ಒಂದು ಸಲ ಬಯಲು, ಒಂದು ಸಲ ಕಂಬಗಳ ಮಂಟಪ, ಒಂದು ಸಲ ತೂಬು ಕೊಟ್ಟರೆ ಪ್ರತಿಯೊಬ್ಬರಿಗೂ ತಮ್ಮ ದಿನ ಬರುತ್ತದೆ.

ಮೊಬೈಲಿನಲ್ಲಿ ಆಡುವವರಿಗೆ

ನಾಲ್ಕು ಜನ ಕೂಡುವುದು ಸಾಧ್ಯವಾಗದವರು ಇದೇ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ನಿಯಮಗಳನ್ನು ಆಧರಿಸಿದ ಕಂಪ್ಯೂಟರ್ ಆಟ ಹಿಡಿಯಬಹುದು. 2023ರ ಆಗಸ್ಟ್‌ನಲ್ಲಿ ಬಂದ ಲೇರಿಯನ್ ಕಂಪನಿಯ ಬಾಲ್ಡರ್ಸ್ ಗೇಟ್ 3 ಇವುಗಳಲ್ಲಿ ಶ್ರೇಷ್ಠ. ನಾಲ್ವರ ತಂಡ, ಸರದಿಯ ಕಾಳಗ. ಅಲ್ಲಿನ ಜೊತೆಗಾರರು ನಿಮ್ಮ ನಡೆಯನ್ನು ಮೆಚ್ಚುತ್ತಾರೆ, ಮುನಿಸಿಕೊಳ್ಳುತ್ತಾರೆ. ಶಿಬಿರದಲ್ಲಿ ವಿದರ್ಸ್ ಎಂಬ ಪಾತ್ರಕ್ಕೆ ನೂರು ಚಿನ್ನದ ನಾಣ್ಯ ಕೊಟ್ಟರೆ ಯಾವ ಪಾತ್ರವನ್ನಾದರೂ ಮೊದಲಿನಿಂದ ಕಟ್ಟಬಹುದು. ಮೊದಲ ಬಿಲ್ಡ್ ತಪ್ಪಿತೆಂದು ಆಟವನ್ನೇ ಹೊಸದಾಗಿ ಶುರು ಮಾಡಬೇಕಿಲ್ಲ. ಆದರೆ ಅದಕ್ಕೆ ಗಟ್ಟಿ ಕಂಪ್ಯೂಟರ್ ಬೇಕು, 150 ಜಿಬಿ ಜಾಗವೂ ಬೇಕು.

1998ರ ಮೊದಲ ಬಾಲ್ಡರ್ಸ್ ಗೇಟ್‌ನ ಪರಿಷ್ಕೃತ ಆವೃತ್ತಿ ಆಂಡ್ರಾಯ್ಡ್ ಫೋನಿನಲ್ಲೇ ಓಡುತ್ತದೆ. ಅಲ್ಲಿ ಆರು ಜನರ ತಂಡ. ಅದರದು ಹಳೆಯ ನಿಯಮ, ಎರಡು ಕಡೆ ಹೊಸಬರು ಮೋಸ ಹೋಗುತ್ತಾರೆ. ಒಂದು, ಅಲ್ಲಿ ಕವಚದ ಅಂಕ ಕಡಿಮೆ ಇದ್ದಷ್ಟೂ ಒಳ್ಳೆಯದು. ಹೊಸ ಗುರಾಣಿ ಹಾಕಿದ ಮೇಲೆ ಸಂಖ್ಯೆ ಇಳಿಯಿತೆಂದು ತೆಗೆದುಹಾಕಬೇಡಿ. ಎರಡು, ಕಾಳಗ ಸರದಿಯಿಲ್ಲದೆ ಒಟ್ಟಿಗೇ ನಡೆಯುತ್ತದೆ. ವೈರಿ ಕಂಡಾಗ, ಯಾರಾದರೂ ಗಾಯಗೊಂಡಾಗ ಆಟ ತಾನಾಗಿ ನಿಲ್ಲುವಂತೆ ಆಟೋ-ಪಾಝ್ ಸೆಟ್ಟಿಂಗ್ ಮೊದಲೇ ಹಾಕಿಕೊಳ್ಳಿ. ಜೊತೆಗಾರರನ್ನು ಸೇರಿಸಿಕೊಳ್ಳುವಾಗ ಸ್ವಭಾವವನ್ನೂ ನೋಡಿ: ಖಲೀದ್-ಜಹೈರಾ ಜೋಡಿ ಸಜ್ಜನರ ಕಡೆ, ಮೊಂಟರಾನ್-ಕ್ಸಾರ್ ಜೋಡಿ ದುಷ್ಟರ ಕಡೆ, ಬಹಳ ದಿನ ಒಟ್ಟಿಗೆ ಇಟ್ಟುಕೊಂಡರೆ ತಂಡದೊಳಗೇ ಕತ್ತಿ ಎಳೆಯುತ್ತಾರೆ.

ಮತ್ತೆ ಮನೆಯ ಮೇಜಿಗೆ ಬಂದರೆ, ಆಟಕ್ಕೆ ಕೂರುವ ಮುನ್ನ ಇತ್ಯರ್ಥ ಮಾಡಿಕೊಳ್ಳಬೇಕಾದ ಕೆಲವು ವಿಷಯಗಳಿವೆ. ಮೂರು ತಾಸಿಗಿಂತ ಹೆಚ್ಚು ಎಳೆಯಬೇಡಿ. ಬಾರದವರ ಪಾತ್ರವನ್ನು ಅವತ್ತು ಯಾರೂ ಆಡಬೇಡಿ; ಅದು ಊರಲ್ಲೇ ಉಳಿಯಿತು ಎಂದುಕೊಳ್ಳಿ, ಇನ್ನೊಬ್ಬರ ಕೈಯಲ್ಲಿ ಸತ್ತರೆ ಸ್ನೇಹ ಕೆಡುತ್ತದೆ. ಪೂಜೆ ನಡೆಯುವ ಗುಡಿ, ಮಠ, ದರ್ಗಾಗಳ ನಕ್ಷೆಯಿಂದ ಕಲ್ಪನೆಯ ಜಾಗ ಕಟ್ಟಿ, ಆದರೆ ಅಲ್ಲಿನ ದೇವರನ್ನಾಗಲಿ ಸಂತರನ್ನಾಗಲಿ ವೈರಿಯಾಗಿಸಬೇಡಿ. ಹಾನಗಲ್ಲಿನ ತಾರಕೇಶ್ವರನ ಗುಡಿಯ ಒಳಚಾವಣಿಯ ಕಲ್ಲಿನ ಕಮಲ ಒಂದೇ ಸಾಕು ಹತ್ತು ಕಥೆಗೆ, ಅದರ ಕೆಳಗೆ ರಾಕ್ಷಸ ಬೇಕಿಲ್ಲ.

ನಿಯಮಗಳ ಕನ್ನಡ ಅನುವಾದ ಮಾಡುವ ಉಮೇದು ಇರುವವರಿಗೆ ಪರವಾನಗಿ ಪೂರ್ತಿ ಅನುಕೂಲವಾಗಿದೆ. ಮೂಲಪಾಠವನ್ನು ಅನುವಾದಿಸಬಹುದು, ಬದಲಿಸಬಹುದು, ಹಾನಗಲ್ಲಿನ ಪಾತ್ರಗಳನ್ನು ಸೇರಿಸಿ ಅಚ್ಚು ಹಾಕಿಸಿ ಮಾರಲೂಬಹುದು. ಷರತ್ತು ಇಷ್ಟೇ: ಮೂಲ ಯಾರದ್ದು, ಪರವಾನಗಿ ಯಾವುದು, ನೀವು ಏನು ಬದಲಿಸಿದಿರಿ ಎಂಬುದನ್ನು ಪುಸ್ತಕದಲ್ಲಿ ತಿಳಿಸಬೇಕು. ಪೂರ್ತಿ ಪಾಠ ಬಹಳ ದೊಡ್ಡದು. ಫೈಟರ್, ರೋಗ್, ಕ್ಲರಿಕ್, ವಿಝಾರ್ಡ್ ನಾಲ್ಕೇ ವರ್ಗಗಳ ಮೊದಲ ಮೂರು ಲೆವೆಲ್, ಕಾಳಗದ ಅಧ್ಯಾಯ, ಇಪ್ಪತ್ತು ಮಂತ್ರಗಳು — ಇಷ್ಟನ್ನು ಮೊದಲು ಕನ್ನಡಕ್ಕೆ ತಂದರೆ ಒಂದು ವರ್ಷದ ಆಟಕ್ಕೆ ಸಾಕಾಗುತ್ತದೆ.